ಬಡಾವಣೆಗೇ ಬರುವ ತಾರಾಲಯ: ಕೆ2-18 ಬಿ ಗ್ರಹದ ಪ್ರದರ್ಶನ ನೋಡಿದ ಮೇಲೆ

ಬೆಂಗಳೂರಿನಲ್ಲಿ ಶಾಲೆಗಳಿಗೆ, ಅಪಾರ್ಟ್‌ಮೆಂಟುಗಳಿಗೆ ಮತ್ತು ಬಡಾವಣೆಯ ಸಂಘಗಳಿಗೆ ಗಾಳಿ ತುಂಬಿಸುವ ಗುಮ್ಮಟವನ್ನು ಕೊಂಡೊಯ್ದು ತಾರಾಲಯದ ಪ್ರದರ್ಶನ ನೀಡುವ ಖಾಸಗಿ ಸೇವೆಗಳಿವೆ. ಅಂಥ ಒಂದು ಸೇವೆಯನ್ನು ರಾಜಾಜಿನಗರದ ನಮ್ಮ ಕ್ಷೇಮಾಭಿವೃದ್ಧಿ ಸಂಘ ಬೇಸಿಗೆ ರಜೆಯಲ್ಲಿ ಕರೆಸಿತ್ತು. ಗ್ರಹಗಳು, ಗ್ರಹಣ, ನಕ್ಷತ್ರಪುಂಜಗಳು ಎಂಬ ಮಾಮೂಲಿ ವಿಷಯಗಳ ನಡುವೆ ಅವರ ಪಟ್ಟಿಯಲ್ಲಿ ಕೆ2-18 ಬಿ ಎಂಬ ಒಂದೇ ಒಂದು ದೂರದ ಗ್ರಹದ ಗುಣಲಕ್ಷಣಗಳನ್ನೂ ಅಲ್ಲಿ ಜೀವ ಇರಲು ಸಾಧ್ಯವೇ ಎಂಬ ಪ್ರಶ್ನೆಯನ್ನೂ ಕುರಿತ ಕನ್ನಡ ಪ್ರದರ್ಶನವಿತ್ತು. ಸಂಘದವರು ಅದನ್ನೇ ಆರಿಸಿಕೊಂಡರು. ಬಹುಕಾಲ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವನಾಗಿ ನಾನು ಇದನ್ನು ಆಸೆಯಿಂದಲೇ ನೋಡಲು ಹೋದೆ. ಪ್ರದರ್ಶನದ ಮೊದಲ ಮುಕ್ಕಾಲು ಪಾಲು ನಾನು ಕನ್ನಡದಲ್ಲಿ ಕಂಡ ಅತ್ಯುತ್ತಮ ವಿಜ್ಞಾನ ನಿರೂಪಣೆಗಳಲ್ಲಿ ಒಂದು ಎನ್ನಲು ನನಗೆ ಸಂಕೋಚವಿಲ್ಲ. ಕೊನೆಯ ಹತ್ತು ನಿಮಿಷದ ಚಿತ್ರವನ್ನು ಮಾತ್ರ ಹಾಗೆಯೇ ಮಕ್ಕಳಿಗೆ ತೋರಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ವ್ಯವಸ್ಥೆಯ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಸಮುದಾಯ ಭವನದೊಳಗೆ ಗುಮ್ಮಟ ನಿಲ್ಲಿಸಲು ಅರ್ಧ ಗಂಟೆ ಹಿಡಿಯಿತು. ಚಪ್ಪಲಿ ಹೊರಗೆ ಬಿಟ್ಟು, ಬಗ್ಗಿ ಒಳಹೊಕ್ಕು, ಜಮಖಾನೆಯ ಮೇಲೆ ಕುಳಿತು ನೋಡಬೇಕು. ಮಂಡಿನೋವು ಇರುವವರು ಕುರ್ಚಿ ಬೇಕೆಂದು ಮೊದಲೇ ಕೇಳಿದರೆ ಅಂಚಿನಲ್ಲಿ ಎರಡು ಮೂರು ಹಾಕಿಕೊಡುತ್ತಾರೆ. ಗಾಳಿ ಊದುವ ಯಂತ್ರದ ಸದ್ದು ಉದ್ದಕ್ಕೂ ಇರುತ್ತದೆ, ಒಳಗೆ ಸೆಕೆಯೂ ಇದೆ. ತಲೆಗೆ ನೂರೈವತ್ತು ರೂಪಾಯಿ ಎಂಬುದು ಒಂದೂಕಾಲು ಗಂಟೆಯ ಕಾರ್ಯಕ್ರಮಕ್ಕೆ ನ್ಯಾಯವಾದ ದರವೇ.

ಪ್ರದರ್ಶನ ಆರಂಭವಾಗುವುದು ಬೆಂಗಳೂರಿನ ಬೇಸಿಗೆಯ ರಾತ್ರಿ ಆಕಾಶದಿಂದ. ಮಳೆಯ ಲೆಕ್ಕದಲ್ಲಿ ನಮ್ಮ ರೈತರು ಹೇಳುವ ಮಖೆ, ಹುಬ್ಬೆ, ಉತ್ತರೆಗಳನ್ನು ನಿರೂಪಕರು ಒಂದೊಂದಾಗಿ ಗುರುತಿಸಿ, ಈ ಮೂರೂ ಸಿಂಹ ರಾಶಿಯಲ್ಲೇ ಇರುವುದನ್ನು ತೋರಿಸಿ, ಉತ್ತರೆಗಿಂತ ಸ್ವಲ್ಪ ದಕ್ಷಿಣಕ್ಕೆ, ಬರಿಗಣ್ಣಿಗೆ ಏನೂ ಕಾಣದ ಒಂದು ಕಪ್ಪು ಜಾಗದ ಸುತ್ತ ವೃತ್ತ ಎಳೆದರು. ಕೆ2-18 ಎಂಬ ನಕ್ಷತ್ರ ಇರುವುದು ಅಲ್ಲಿ. ಅದು ನಮ್ಮಿಂದ ಸುಮಾರು 124 ಜ್ಯೋತಿರ್ವರ್ಷ ದೂರದಲ್ಲಿರುವ ಕೆಂಪು ಕುಬ್ಜ, ಅಂದರೆ ಸೂರ್ಯನಿಗಿಂತ ಚಿಕ್ಕದಾದ, ಮಂಕಾದ ನಕ್ಷತ್ರ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬರುವುದಕ್ಕೂ ಮುನ್ನ ಅಲ್ಲಿಂದ ಹೊರಟ ಬೆಳಕು ಈಗ ನಮ್ಮನ್ನು ತಲುಪುತ್ತಿದೆ ಎಂದು ಅವರು ಹೇಳಿದಾಗ ದೊಡ್ಡವರೂ ಮಿಸುಕಾಡದೆ ಕೇಳಿದರು. ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದ ವಾಯೇಜರ್-1 ನೌಕೆ ಅಷ್ಟು ದೂರ ಕ್ರಮಿಸಲು ಸುಮಾರು 22 ಲಕ್ಷ ವರ್ಷ ಬೇಕು ಎಂಬ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿದ್ದು ಇನ್ನೂ ಒಳ್ಳೆಯದಾಯಿತು. ವಾಸಯೋಗ್ಯ ಎಂದ ಕೂಡಲೇ ನಾವು ಹೋಗಿ ನೆಲೆಸುವ ಮಾತು ಎಂದುಕೊಳ್ಳುವವರಿಗೆ ಆ ಒಂದು ಗುಣಾಕಾರ ಸಾಕು.

ಇಡೀ ಸೇವೆಯ ಶ್ರೇಷ್ಠ ಭಾಗ ಮುಂದಿನದು. ಪ್ರಕ್ಷೇಪಕವನ್ನು ನಿಲ್ಲಿಸಿ, ಗುಮ್ಮಟದ ಒಂದು ಬದಿಗೆ ಇಪ್ಪತ್ತು ಸೆಂಟಿಮೀಟರ್ ಅಗಲದ ಹಾಲುಬಿಳುಪಿನ ಗೋಳದೀಪವನ್ನು ಹಚ್ಚಿದರು. ಎದುರು ಬದಿಯಲ್ಲಿ ಬೆಳಕು ಅಳೆಯುವ ಸಂವೇದಕ. ಅದರ ಓದನ್ನು ಗೆರೆಯಾಗಿ ಗುಮ್ಮಟದ ಮೇಲೆಯೇ ಮೂಡಿಸುವ ಏರ್ಪಾಡು. ದೀಪಕ್ಕೆ ಬಹುತೇಕ ತಾಗುವಂತೆ, ಸಣ್ಣ ಮೋಟಾರಿನ ತೋಳಿಗೆ ಕಟ್ಟಿದ ಹನ್ನೊಂದು ಮಿಲಿಮೀಟರಿನ ಕರಿಮಣಿಯೊಂದು ನಿಧಾನವಾಗಿ ಹಾದುಹೋಯಿತು. ಗುಮ್ಮಟದ ಮೇಲೆ ಅಡ್ಡಲಾಗಿ ನೇರ ಓಡುತ್ತಿದ್ದ ಗೆರೆ ಒಂದಿಷ್ಟೇ ಇಷ್ಟು ಕುಸಿದು ಮತ್ತೆ ಏರಿತು. ಕುಸಿತ ನೂರರಲ್ಲಿ 0.3 ಪಾಲು. ಕೆ2-18ರ ಮುಂದೆ ಅದರ ಗ್ರಹ ಸುಮಾರು 33 ದಿನಕ್ಕೊಮ್ಮೆ ಹಾದುಹೋಗುವಾಗ ನಕ್ಷತ್ರದ ಬೆಳಕಿನಲ್ಲಿ ಆಗುವ ಕುಸಿತವೂ ಸರಿಸುಮಾರು ಅಷ್ಟೇ; ಕೆಪ್ಲರ್ ಬಾಹ್ಯಾಕಾಶ ದೂರದರ್ಶಕದ ಕೆ2 ಅಭಿಯಾನದಲ್ಲಿ ಈ ಗ್ರಹ 2015ರಲ್ಲಿ ಪತ್ತೆಯಾದದ್ದು ಹೀಗೆ. ಮಣಿಯನ್ನು ದೀಪದ ಹತ್ತಿರವೇ ಇಟ್ಟು ಸಂವೇದಕವನ್ನು ದೂರ ಇಟ್ಟದ್ದರ ಹಿಂದೆ ಎಚ್ಚರವಿದೆ: ಮಣಿ ಸಂವೇದಕದ ಹತ್ತಿರ ಬಂದಷ್ಟೂ ಹೆಚ್ಚು ಬೆಳಕನ್ನು ಮರೆಮಾಡಿ ತಪ್ಪು ಅಳತೆ ಕೊಡುತ್ತಿತ್ತು. ಆಮೇಲೆ ಅವರು ಆ ಮಣಿಯನ್ನು ತೆಗೆದು, ತೆಳುವಾದ ದಾರದ ತುದಿಗೆ ಅಂಟಿಸಿದ ಒಂದು ರಾಗಿಕಾಳನ್ನು ಅದೇ ತೋಳಿಗೆ ಕಟ್ಟಿದರು. ದೀಪ ಸೂರ್ಯನಾದರೆ ಭೂಮಿ ಹೆಚ್ಚುಕಡಿಮೆ ರಾಗಿಕಾಳಿನಷ್ಟು. ಈ ಸಲ ಗೆರೆ ಅಲುಗಿತೋ ಇಲ್ಲವೋ ಯಾರಿಗೂ ಹೇಳಲಾಗಲಿಲ್ಲ. ಸೂರ್ಯನ ಮುಂದೆ ಭೂಮಿ ಹಾಯ್ದರೆ ಆಗುವ ಕುಸಿತ ನೂರರಲ್ಲಿ 0.01 ಪಾಲೂ ಇಲ್ಲ. ಭೂಮಿಯಂಥದೇ ಗ್ರಹವನ್ನು ಸೂರ್ಯನಂಥದೇ ನಕ್ಷತ್ರದ ಸುತ್ತ ಹುಡುಕುವುದು ಏಕೆ ಕಷ್ಟ, ಕೆಂಪು ಕುಬ್ಜಗಳ ಸುತ್ತಲಿನ ಗ್ರಹಗಳ ಸುದ್ದಿಯೇ ಏಕೆ ಹೆಚ್ಚು ಎಂಬುದನ್ನು ಇದಕ್ಕಿಂತ ಚೊಕ್ಕವಾಗಿ ತರಗತಿಯಲ್ಲಿ ತೋರಿಸಿದವರನ್ನು ನಾನು ಕಂಡಿಲ್ಲ.

ಗ್ರಹದ ಅಳತೆಗಳ ಭಾಗವೂ ಗಟ್ಟಿಯಾಗಿತ್ತು. ಬೆಳಕಿನ ಕುಸಿತದಿಂದ ಗಾತ್ರ ತಿಳಿಯುತ್ತದೆ. ಗ್ರಹದ ಸೆಳೆತಕ್ಕೆ ನಕ್ಷತ್ರ ಹಿಂದೆ ಮುಂದೆ ತೊನೆಯುವುದನ್ನು ಅಳೆದರೆ ತೂಕ ತಿಳಿಯುತ್ತದೆ. ಕೆ2-18 ಬಿ ಗ್ರಹದ ತ್ರಿಜ್ಯ ಭೂಮಿಯ ತ್ರಿಜ್ಯದ 2.6 ಪಟ್ಟು, ದ್ರವ್ಯರಾಶಿ ಸುಮಾರು 8.6 ಪಟ್ಟು. ಇವೆರಡನ್ನು ಇಟ್ಟುಕೊಂಡು ಲೆಕ್ಕ ಹಾಕಿದರೆ ಗುರುತ್ವ ನಮ್ಮದಕ್ಕಿಂತ ಕಾಲು ಪಾಲಿನಷ್ಟೇ ಹೆಚ್ಚು. ಇಲ್ಲಿ 40 ಕಿಲೋ ತೂಗುವ ಹುಡುಗ ಅಲ್ಲಿ 50 ಕಿಲೋ ತೂಗುತ್ತಾನೆ. ಸಾಂದ್ರತೆ ಮಾತ್ರ ಭೂಮಿಯದರ ಅರ್ಧದಷ್ಟು, ಅಂದರೆ ಘನ ಸೆಂಟಿಮೀಟರಿಗೆ 2.7 ಗ್ರಾಂ ಆಸುಪಾಸು. ಬರೀ ಕಲ್ಲು ಕಬ್ಬಿಣದ ಗ್ರಹವಾಗಿದ್ದರೆ ಇಷ್ಟು ಹಗುರ ಇರಲು ಸಾಧ್ಯವಿಲ್ಲ. ಹಾಗಾದರೆ ಕಲ್ಲಿನ ತಿರುಳಿನ ಮೇಲೆ ದಪ್ಪನೆಯ ಜಲಜನಕದ ಹೊದಿಕೆಯೇ, ಅಥವಾ ಆಳವಾದ ನೀರು ಮತ್ತು ಅದರ ಮೇಲೆ ತೆಳುವಾದ ಜಲಜನಕವೇ? ಎರಡೂ ಇದೇ ಸಾಂದ್ರತೆಯನ್ನು ಕೊಡಬಲ್ಲವು. ಮೊದಲನೆಯದಾದರೆ ಅದು ನೆಪ್ಚೂನ್ ಗ್ರಹದ ತಮ್ಮನಂಥದು, ಕಾಲಿಡಲು ನೆಲವೇ ಇರದ ಬಿಸಿ ಅನಿಲದ ರಾಶಿ. ಎರಡನೆಯದಾದರೆ ಸಾಗರದ ಲೋಕ. ನಿರೂಪಕರು ಎರಡು ಚಿತ್ರಗಳನ್ನೂ ಅಕ್ಕಪಕ್ಕದಲ್ಲಿ ಸಮಾನ ಗಾತ್ರದಲ್ಲಿ ತೋರಿಸಿ, ಯಾವುದು ಸರಿ ಎಂದು ಹೇಳದೆ ಬಿಟ್ಟರು. ಆ ನಿಷ್ಠೆಯನ್ನು ಪ್ರದರ್ಶನ ಕೊನೆಯವರೆಗೂ ಉಳಿಸಿಕೊಂಡಿದ್ದರೆ ನಾನು ಈ ವಿಮರ್ಶೆಯಲ್ಲಿ ಒಂದು ಆಕ್ಷೇಪವನ್ನೂ ಬರೆಯಬೇಕಾಗಿರಲಿಲ್ಲ.

ವಾಸಯೋಗ್ಯ ವಲಯದ, ಅಂದರೆ ನೀರು ದ್ರವವಾಗಿ ಇರಬಹುದಾದಷ್ಟು ಶಾಖ ನಕ್ಷತ್ರದಿಂದ ಸಿಗುವ ದೂರದ, ವಿವರಣೆ ಚಿಕ್ಕದಾಗಿದ್ದರೂ ಸ್ಪಷ್ಟವಾಗಿತ್ತು. ಕೆ2-18 ನಕ್ಷತ್ರದ ಪ್ರಕಾಶ ಸೂರ್ಯನ ಪ್ರಕಾಶದ ನೂರರಲ್ಲಿ ಎರಡು ಮೂರು ಪಾಲು ಮಾತ್ರ; ಆದರೆ ಗ್ರಹ ಅದರಿಂದ ಕೇವಲ 2.1 ಕೋಟಿ ಕಿಲೋಮೀಟರ್ ದೂರದಲ್ಲಿರುವುದರಿಂದ ಅದಕ್ಕೆ ಸಿಗುವ ಶಾಖ ಭೂಮಿಗೆ ಸಿಗುವಷ್ಟೇ ಎನ್ನಬಹುದು. ಗುಮ್ಮಟದ ಮೇಲೆ ಆ ನಕ್ಷತ್ರವನ್ನು ನಮ್ಮ ಸೂರ್ಯ ಕಾಣುವುದಕ್ಕಿಂತ ಮೂರು ಪಟ್ಟು ಅಗಲವಾಗಿ, ಕಿತ್ತಳೆ ಬಣ್ಣದಲ್ಲಿ ತೋರಿಸಿದ್ದು ಲೆಕ್ಕಕ್ಕೆ ಸರಿಯಾಗಿತ್ತು. ಆದರೆ ವಲಯದೊಳಗಿದ್ದ ಮಾತ್ರಕ್ಕೆ ನೀರು ದ್ರವವಾಗಿ ನಿಲ್ಲುತ್ತದೆ ಎಂದಲ್ಲ, ವಾತಾವರಣ ಎಷ್ಟು ದಪ್ಪ ಎಂಬುದರ ಮೇಲೆ ಎಲ್ಲವೂ ನಿಂತಿದೆ ಎಂಬುದನ್ನು ಇನ್ನೂ ಒತ್ತಿ ಹೇಳಬೇಕಿತ್ತು. ಜಲಜನಕವೂ ದಪ್ಪಗಿದ್ದರೆ ಶಾಖವನ್ನು ಬಿಗಿಯಾಗಿ ಹಿಡಿದಿಡುತ್ತದೆ. ಹೊದಿಕೆ ಕೊಂಚ ಹೆಚ್ಚಾದರೂ ಕೆಳಗಿನ ಸಮುದ್ರ ಕುದಿದು ಆವಿಯಾಗಿಬಿಡಬಹುದು.

ಇಲ್ಲಿಂದ ಪ್ರದರ್ಶನ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕದತ್ತ ಹೊರಳುತ್ತದೆ. ಗ್ರಹ ನಕ್ಷತ್ರದ ಮುಂದೆ ಹಾಯುವಾಗ ಬೆಳಕಿನ ಒಂದು ಸಣ್ಣ ಪಾಲು ಗ್ರಹದ ಅಂಚಿನ ಗಾಳಿಯೊಳಗಿಂದ ತೂರಿ ಬರುತ್ತದೆ. ಅಲ್ಲಿರುವ ಪ್ರತಿಯೊಂದು ಅನಿಲವೂ ತನಗೆ ಸೇರಿದ ಬಣ್ಣಗಳನ್ನು ಹೀರಿಕೊಳ್ಳುತ್ತದೆ. ಹೀಗೆ ಹೀರಲ್ಪಟ್ಟ ಜಾಗಗಳನ್ನು ರೋಹಿತದಲ್ಲಿ, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಪಟ್ಟಿಯಲ್ಲಿ, ಓದಿದರೆ ಅನಿಲ ಯಾವುದೆಂದು ತಿಳಿಯುತ್ತದೆ. ಓದಬೇಕಾದ ವ್ಯತ್ಯಾಸ ಮಾತ್ರ ನಕ್ಷತ್ರದ ಒಟ್ಟು ಬೆಳಕಿನ ಹತ್ತು ಸಾವಿರದಲ್ಲಿ ಒಂದು ಭಾಗದ ಆಸುಪಾಸು. ಆಗಷ್ಟೇ ರಾಗಿಕಾಳಿನ ಗೆರೆಯನ್ನು ನೋಡಿದ್ದ ಮಕ್ಕಳಿಗೆ ಇದರ ಕಷ್ಟ ತಾನಾಗಿಯೇ ಅರ್ಥವಾಯಿತು. ಕೇಂಬ್ರಿಜ್ ವಿಶ್ವವಿದ್ಯಾಲಯದ ನಿಕ್ಕು ಮಧುಸೂದನ್ ಅವರ ತಂಡ 2023ರ ಸೆಪ್ಟೆಂಬರಿನಲ್ಲಿ ಈ ಗ್ರಹದ ಗಾಳಿಯಲ್ಲಿ ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್ ಇರುವುದನ್ನು ಪ್ರಕಟಿಸಿದ್ದನ್ನು, ಅದಕ್ಕೂ ಎರಡು ವರ್ಷ ಮೊದಲು ಇದೇ ತಂಡ ಜಲಜನಕದ ಗಾಳಿಯ ಕೆಳಗೆ ಸಾಗರವಿರುವ ಹೈಸಿಯನ್ ಲೋಕಗಳ ಕಲ್ಪನೆಯನ್ನು ಮುಂದಿಟ್ಟದ್ದನ್ನು ಚೆನ್ನಾಗಿ ಹೇಳಿದರು. ಭಾರತದಲ್ಲಿ ಓದಿದ ವಿಜ್ಞಾನಿಯೊಬ್ಬರು ಈ ಸಂಶೋಧನೆಯ ಮುಂಚೂಣಿಯಲ್ಲಿರುವುದು ಮಕ್ಕಳಿಗೆ ಹುರುಪು ಕೊಡುತ್ತದೆ. ಅದನ್ನು ಹೇಳಿದ್ದು ಸರಿಯೇ.

ಹೇಳದೆ ಬಿಟ್ಟದ್ದು 2019ರ ಕಥೆ. ಆ ವರ್ಷ ಎರಡು ತಂಡಗಳು ಹಬಲ್ ದೂರದರ್ಶಕದ ದತ್ತಾಂಶದಿಂದ ಇದೇ ಗ್ರಹದಲ್ಲಿ ನೀರಾವಿ ಇದೆ ಎಂದು ಪ್ರಕಟಿಸಿದ್ದವು; ಜಗತ್ತಿನ ಪತ್ರಿಕೆಗಳೆಲ್ಲ ಅದನ್ನು ದೊಡ್ಡದಾಗಿ ಅಚ್ಚು ಹಾಕಿದ್ದವು. ಹಬಲ್ ನೋಡಿದ್ದ 1.4 ಮೈಕ್ರಾನ್ ತರಂಗಾಂತರದ ಸುತ್ತಮುತ್ತಲಿನ, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ನೀರಾವಿಯೂ ಹೀರುತ್ತದೆ, ಮೀಥೇನೂ ಹೀರುತ್ತದೆ. ಹೆಚ್ಚು ಅಗಲವಾದ ರೋಹಿತವನ್ನು ಓದಬಲ್ಲ ವೆಬ್ ಬಂದ ಮೇಲೆ ಅದು ಮೀಥೇನ್ ಎಂದು ಸ್ಪಷ್ಟವಾಯಿತು, ನೀರಾವಿಯ ಗುರುತು ಖಚಿತವಾಗಿ ಸಿಗಲಿಲ್ಲ. ಇದರಲ್ಲಿ ಯಾರೂ ಅಪ್ರಾಮಾಣಿಕರಾಗಿರಲಿಲ್ಲ. ಕೈಯಲ್ಲಿದ್ದ ಉಪಕರಣಕ್ಕೆ ಕಂಡಷ್ಟನ್ನು ಹೇಳಿದರು, ಉತ್ತಮ ಉಪಕರಣ ಬಂದಾಗ ತಿದ್ದಿದರು. ಈ ಗ್ರಹದ ವಿಷಯದಲ್ಲಿ ಮಕ್ಕಳು ತಿಳಿಯಲೇಬೇಕಾದ ಒಂದು ಪ್ರಸಂಗವಿದ್ದರೆ ಅದು ಇದು. ಅದಕ್ಕೆ ಮೂರು ನಿಮಿಷ ಕೊಟ್ಟಿದ್ದರೆ ಮುಂದೆ ಬರುವ ಭಾಗವನ್ನು ಅವರು ಬೇರೆಯೇ ಕಿವಿಯಿಂದ ಕೇಳುತ್ತಿದ್ದರು.

ಮುಂದೆ ಬರುವುದು ಧ್ವನಿಮುದ್ರಿತ ಚಿತ್ರ. ನಿರೂಪಕರು ಮೌನವಾಗುತ್ತಾರೆ, ಗುಮ್ಮಟದ ತುಂಬ ನೀಲಿ ಸಮುದ್ರ ಹರಡಿಕೊಳ್ಳುತ್ತದೆ, ಅಲೆಗಳ ಕೆಳಗೆ ಹಸಿರು ಪಾಚಿ ಹೊಳೆಯುತ್ತದೆ, ಮತ್ತು ಗಂಭೀರ ಧ್ವನಿಯೊಂದು ಈ ಲೋಕದಲ್ಲಿ ಜೀವದ ಉಸಿರು ಪತ್ತೆಯಾಗಿದೆ ಎಂದು ಸಾರುತ್ತದೆ. ಆಧಾರವೆಂದು ಹೇಳುವುದು 2025ರ ಏಪ್ರಿಲ್‌ನಲ್ಲಿ ಪ್ರಕಟವಾದ, ವೆಬ್‌ನ ಮಧ್ಯ-ಅವಕೆಂಪು ಉಪಕರಣದ ಅಳತೆಗಳಲ್ಲಿ ಡೈಮೀಥೈಲ್ ಸಲ್ಫೈಡ್ ಅಥವಾ ಡೈಮೀಥೈಲ್ ಡೈಸಲ್ಫೈಡ್ ಎಂಬ ಅನಿಲದ ಸುಳಿವು ಸಿಕ್ಕಿದ ವರದಿಯನ್ನು. ಭೂಮಿಯ ಮೇಲೆ ಡೈಮೀಥೈಲ್ ಸಲ್ಫೈಡ್ ಬಹುಪಾಲು ಬರುವುದು ಸಮುದ್ರದ ಸೂಕ್ಷ್ಮ ಸಸ್ಯಜೀವಿಗಳಿಂದ ಎಂಬುದು ನಿಜ. ಆದರೆ ಆ ವರದಿಯಲ್ಲೇ ಖಚಿತತೆಯ ಮಟ್ಟ ಮೂರು ಸಿಗ್ಮಾ ಎಂದಿತ್ತು, ಅಂದರೆ ಆ ಅನಿಲ ಇಲ್ಲದೆಯೂ ಬರೀ ಆಕಸ್ಮಿಕವಾಗಿ ಇಂಥ ಸುಳಿವು ಕಾಣುವ ಸಾಧ್ಯತೆ ನೂರರಲ್ಲಿ 0.3 ಪಾಲು, ಶೋಧ ಎಂದು ಒಪ್ಪಲು ವಿಜ್ಞಾನಿಗಳು ಬೇಡುವ ಐದು ಸಿಗ್ಮಾ ಮಟ್ಟದಿಂದ ಅದು ಬಹಳ ದೂರ. ಹೆಚ್ಚಿನ ವೀಕ್ಷಣೆ ಬೇಕೆಂದು ಆ ತಂಡವೇ ಹೇಳಿತ್ತು. ಅದೇ ದತ್ತಾಂಶವನ್ನು ಬೇರೆ ತಂಡಗಳು ಮರುವಿಶ್ಲೇಷಿಸಿದಾಗ ಆ ಅನಿಲಕ್ಕೆ ಸಾಕಷ್ಟು ಪುರಾವೆ ಕಾಣಲಿಲ್ಲ. ಅನಿಲ ಇದ್ದೇ ಇದೆ ಎಂದುಕೊಂಡರೂ, ಜೀವವಿಲ್ಲದ 67ಪಿ ಧೂಮಕೇತುವಿನಲ್ಲಿ ಡೈಮೀಥೈಲ್ ಸಲ್ಫೈಡ್ ಸಿಕ್ಕಿದೆ, ಪ್ರಯೋಗಾಲಯದಲ್ಲಿ ಜೀವಿಗಳ ನೆರವಿಲ್ಲದೆಯೂ ಅದು ಉಂಟಾಗಿದೆ. ಇನ್ನು ಸಮುದ್ರದ ಮಾತು. ಇಂಥ ಗಾಳಿಯಲ್ಲಿ ಇರಬೇಕಾದ ಅಮೋನಿಯ, ಅಂದರೆ ಸಾರಜನಕ ಜಲಜನಕ ಸೇರಿದ ಅನಿಲ, ಕಾಣದಿರುವುದನ್ನು ಸಮುದ್ರ ಅದನ್ನು ಕರಗಿಸಿಕೊಂಡಿದೆ ಎಂದು ಅರ್ಥೈಸಬಹುದು. ಆದರೆ ಕರಗಿದ ಶಿಲೆಯ ಸಾಗರವೂ ಸಾರಜನಕವನ್ನು ಹಾಗೆಯೇ ನುಂಗಬಲ್ಲದು ಎಂದು 2024ರಲ್ಲಿ ಬೇರೊಂದು ತಂಡ ತೋರಿಸಿದೆ. ನೀಲಿ ನೀರು ಮತ್ತು ಕೆಂಡದಂಥ ಶಿಲಾರಸ, ಎರಡೂ ಒಂದೇ ರೋಹಿತಕ್ಕೆ ಹೊಂದುತ್ತವೆ ಎಂಬ ಸಂಗತಿ ಎಷ್ಟು ರೋಚಕವಾದುದು! ಆ ಚಿತ್ರ ಮಾಡಿದವರು ಅದನ್ನು ಬಿಟ್ಟು, ನೀಲಿಯನ್ನು ಮಾತ್ರ ಗುಮ್ಮಟಕ್ಕೆ ಬಳಿದಿದ್ದಾರೆ.

ನನಗೆ ನಿಜಕ್ಕೂ ನೋವಾದದ್ದು ಇದಕ್ಕಾಗಿ. ದೀಪ, ಮಣಿ, ರಾಗಿಕಾಳುಗಳಿಂದ ಅಳತೆ ಎಂದರೇನು ಎಂಬುದನ್ನು ಅಷ್ಟು ಶ್ರದ್ಧೆಯಿಂದ ಕಟ್ಟಿದ ಜನರೇ ಅಳತೆಗೆ ಮೀರಿದ ಮಾತನ್ನು ಕೊನೆಯಲ್ಲಿ ಹೇಳಿಸುತ್ತಾರೆ. ಕಣ್ಣು ತುಂಬುವ ಚಿತ್ರ ಮಾತಿಗಿಂತ ಹೆಚ್ಚು ಕಾಲ ಮನಸ್ಸಿನಲ್ಲಿ ಉಳಿಯುತ್ತದೆ. ಹೊರಬಂದ ಮಕ್ಕಳಲ್ಲಿ ಹೆಚ್ಚಿನವರು ಅಲ್ಲಿ ಜೀವ ಸಿಕ್ಕಿದೆಯಂತೆ ಎಂದೇ ಅಪ್ಪ ಅಮ್ಮಂದಿರಿಗೆ ಹೇಳುತ್ತಿದ್ದರು.

ಇದು ತಿಳಿವಳಿಕೆಯ ಕೊರತೆಯಿಂದ ಆದದ್ದಲ್ಲ ಎಂಬುದು ಪ್ರಶ್ನೋತ್ತರದಲ್ಲಿ ಸ್ಪಷ್ಟವಾಯಿತು. ಮುಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಎದ್ದು, “ಸರ್, ಅಲ್ಲಿ ಸಮುದ್ರ ಇರೋದನ್ನ ಯಾರು ನೋಡಿದ್ದಾರೆ?” ಎಂದು ಕೇಳಿದಳು. ನಿರೂಪಕರು ತಡವರಿಸಲಿಲ್ಲ. “ಯಾರೂ ನೋಡಿಲ್ಲಮ್ಮ. ಗಾಳೀಲಿ ಇರಬೇಕಾದ ಒಂದು ಅನಿಲ ಕಾಣ್ತಾ ಇಲ್ಲ, ಅದಕ್ಕೆ ಸಮುದ್ರ ಇರಬಹುದು ಅಂತ ಕೆಲವರು ಲೆಕ್ಕ ಹಾಕಿದ್ದಾರೆ. ಇನ್ನು ಕೆಲವರು ಒಪ್ಪಿಲ್ಲ. ನೀನು ದೊಡ್ಡವಳಾಗೋ ಹೊತ್ತಿಗೂ ಈ ಜಗಳ ಮುಗಿದಿರುತ್ತೋ ಇಲ್ವೋ,” ಎಂದರು. ಆ ಉತ್ತರದಲ್ಲಿ ಇಡೀ ಚಿತ್ರಕ್ಕಿಂತ ಹೆಚ್ಚು ವಿಜ್ಞಾನವಿತ್ತು. ನಾನು ಆಮೇಲೆ ಅವರೊಡನೆ ಮಾತಾಡಿದಾಗ, ಚಿತ್ರವನ್ನು ಹೊರಗಿನವರಿಂದ ಮಾಡಿಸಿಕೊಂಡದ್ದೆಂದೂ ಬದಲಾಯಿಸಲು ಖರ್ಚಾಗುತ್ತದೆಂದೂ ಹೇಳಿದರು. ಖರ್ಚಿನ ಮಾತು ನನಗೆ ಅರ್ಥವಾಗುತ್ತದೆ. ಆದರೂ ಧ್ವನಿಯನ್ನು ಮುಚ್ಚಿ, ಅದೇ ಚಿತ್ರದ ಮೇಲೆ ನಿರೂಪಕರೇ ನೇರವಾಗಿ ಮಾತಾಡಿದರೆ ಒಂದು ರೂಪಾಯಿಯೂ ಖರ್ಚಾಗದು.

ಗುಮ್ಮಟದಿಂದ ಹೊರಗೆ, ಭವನದ ತಾರಸಿಯ ಮೇಲೆ ಎಂಟು ಇಂಚಿನ ದೂರದರ್ಶಕದಿಂದ ಆಕಾಶ ತೋರಿಸುವುದೂ ಇದೇ ದರದಲ್ಲಿ ಸೇರಿದೆ. ಕೆ2-18 ಅನ್ನು ಬೆಂಗಳೂರಿನ ಬೆಳಗುವ ಆಕಾಶದಲ್ಲಿ ಈ ಉಪಕರಣದಿಂದ ತೋರಿಸಲಾಗದು ಎಂದು ಅವರು ಮೊದಲೇ ತಿಳಿಸಿದರು, ಅದು ಸರಿಯಾದ ಕ್ರಮ. ಬದಲಿಗೆ ಸಿಂಹದ ಕೇಸರದಲ್ಲಿರುವ ಅಲ್ಜೀಬಾ ಎಂಬ ಜೋಡಿ ನಕ್ಷತ್ರವನ್ನು ತೋರಿಸಿದ್ದು ಬಹಳ ಯೋಚಿಸಿ ಮಾಡಿದ ಆಯ್ಕೆ. ಅದೂ ಸುಮಾರು 130 ಜ್ಯೋತಿರ್ವರ್ಷ ದೂರದಲ್ಲಿದೆ, ಕೆ2-18ರಷ್ಟೇ ಎನ್ನಬಹುದು. ಆದರೆ ದೈತ್ಯ ನಕ್ಷತ್ರಗಳಾದ್ದರಿಂದ ನಮ್ಮ ಕಣ್ಣಿಗೆ ಆ ಕೆಂಪು ಕುಬ್ಜಕ್ಕಿಂತ ಹತ್ತಾರು ಸಾವಿರ ಪಟ್ಟು ಪ್ರಕಾಶವಾಗಿ ಕಾಣುತ್ತದೆ. ಚಿನ್ನದ ಬಣ್ಣದ ಎರಡು ಚುಕ್ಕಿಗಳು ಒಂದಕ್ಕೊಂದು ಅಂಟಿಕೊಂಡಂತೆ ನಿಂತಿದ್ದವು. ಮೋಡ ಕವಿದರೆ ಈ ಭಾಗ ಇರುವುದಿಲ್ಲ, ಅದಕ್ಕೆ ಹಣ ಹಿಂತಿರುಗಿಸುವುದೂ ಇಲ್ಲ. ಆದ್ದರಿಂದ ಫೆಬ್ರುವರಿಯಿಂದ ಏಪ್ರಿಲ್ ಮಧ್ಯದೊಳಗೆ, ಸಂಜೆಯ ಮಳೆ ಶುರುವಾಗುವ ಮುನ್ನ ದಿನ ಗೊತ್ತುಮಾಡಿಕೊಳ್ಳುವುದು ಒಳಿತು. ಸಿಂಹ ರಾಶಿ ರಾತ್ರಿಯ ಹೊತ್ತು ಚೆನ್ನಾಗಿ ಕಾಣುವ ಕಾಲವೂ ಅದೇ.

ಬೆಂಗಳೂರಿನ ಸೇವೆಯೊಂದು ಬೆಂಗಳೂರಿನ ಖಗೋಳ ಸಂಶೋಧನೆಯ ಮಾತನ್ನೇ ಎತ್ತದಿದ್ದದ್ದು ನನಗೆ ಕೊರತೆಯಾಗಿ ಕಂಡಿತು. ಭಾರತೀಯ ಖಗೋಳಭೌತ ಸಂಸ್ಥೆ ಇರುವುದು ಕೋರಮಂಗಲದಲ್ಲಿ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4500 ಮೀಟರ್ ಎತ್ತರದಲ್ಲಿರುವ ಅದರ ಎರಡು ಮೀಟರ್ ದೂರದರ್ಶಕವನ್ನು ನಮ್ಮ ಹೊಸಕೋಟೆಯಿಂದಲೇ ಉಪಗ್ರಹದ ಮೂಲಕ ನಡೆಸುತ್ತಾರೆ. ನಮ್ಮ ದೇಶದವರೇ ರಾಜಸ್ಥಾನದ ಮೌಂಟ್ ಅಬುವಿನ ಪಾರಸ್ ಉಪಕರಣದಿಂದ ನಕ್ಷತ್ರದ ತೊನೆತವನ್ನು ಅಳೆದು ಬಾಹ್ಯಗ್ರಹವೊಂದನ್ನು, ಅಂದರೆ ಬೇರೆ ನಕ್ಷತ್ರವನ್ನು ಸುತ್ತುವ ಗ್ರಹವೊಂದನ್ನು, ಖಚಿತಪಡಿಸಿ 2018ರಲ್ಲಿ ಪ್ರಕಟಿಸಿದ್ದಾರೆ. ಇಷ್ಟನ್ನು ಹೇಳಲು ಎರಡು ನಿಮಿಷ ಸಾಕು. ಹೊಸಕೋಟೆಗೆ ಬಸ್ಸಿನಲ್ಲಿ ಹೋಗಿಬರುವ ಮಕ್ಕಳಿಗೆ ಈ ವಿಷಯ ಕೇಂಬ್ರಿಜ್‌ಗಿಂತ ಹತ್ತಿರದ್ದು.

ಒಟ್ಟಿನಲ್ಲಿ ಈ ಸೇವೆಯನ್ನು ಕರೆಸಿಕೊಳ್ಳಿ ಎಂದೇ ನಾನು ಶಾಲೆಗಳಿಗೂ ಸಂಘಗಳಿಗೂ ಹೇಳುತ್ತೇನೆ, ಆದರೆ ಗೊತ್ತುಮಾಡಿಕೊಳ್ಳುವಾಗಲೇ ಕೊನೆಯ ಚಿತ್ರವನ್ನು ಧ್ವನಿಯಿಲ್ಲದೆ ಹಾಕಿ ನಿರೂಪಕರೇ ವಿವರಿಸಲಿ ಎಂದು ಕೇಳಿ. ಪಕ್ಕದ ಬಡಾವಣೆಯವರು ನನ್ನ ಮಾತಿನಂತೆ ಕೇಳಿದಾಗ ಅವರು ಒಪ್ಪಿ ಹಾಗೆಯೇ ಮಾಡಿದ್ದಾರೆ. ಆರನೆಯ ತರಗತಿಗಿಂತ ಕೆಳಗಿನ ಮಕ್ಕಳಿಗೆ ಅಳತೆಗಳ ಭಾಗ ಭಾರವಾಗುತ್ತದೆ, ಅವರಿಗೆ ಪಟ್ಟಿಯಲ್ಲಿರುವ ಸೌರಮಂಡಲದ ಪ್ರದರ್ಶನ ಸಾಕು. ಒಂದು ತಂಡದಲ್ಲಿ ಮೂವತ್ತಕ್ಕಿಂತ ಹೆಚ್ಚು ಜನರನ್ನು ಕೂರಿಸಬೇಡಿ. ಹಿಂದಿನವರಿಗೆ ದೀಪದ ಪ್ರಯೋಗ ಕಾಣುವುದಿಲ್ಲ. ಪ್ರಶ್ನೋತ್ತರಕ್ಕೆ ಅವರು ಹತ್ತು ನಿಮಿಷ ಎನ್ನುತ್ತಾರೆ, ಇಪ್ಪತ್ತು ಕೇಳಿ ಪಡೆಯಿರಿ.